ನಮ್ಮ ಊದುಬತ್ತಿಯ ಹೆಸರಿನಲ್ಲಿ ನಕಲಿ ಪೊಟ್ಟಣ ಬಂದಿದೆ: ಯಾವ ಭದ್ರತಾ ಲೇಬಲ್ ಹಾಕಿಸಲಿ?

ಬತ್ತಿಮನೆ, ಮೈಸೂರು
ಸೋಮವಾರ, ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮದೊಂದು ಸಣ್ಣ ಊದುಬತ್ತಿ ಘಟಕವಿದೆ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಹದಿನಾಲ್ಕು ಜನ ಹೆಂಗಸರು ಕೆಲಸಕ್ಕೆ ಬರುತ್ತಾರೆ. ಹಾಲುಮಡ್ಡಿ ಎಂಬ ಮರದ ಅಂಟು ಹಾಕಿ ಕೈಯಲ್ಲೇ ಹೊಸೆಯುವ ಮಸಾಲೆ ಬತ್ತಿಯಿಂದ ನಮಗೆ ಹೆಸರು ಬಂದದ್ದು.

ಕಳೆದ ತಿಂಗಳು ಹುಬ್ಬಳ್ಳಿಯಿಂದ ಒಬ್ಬ ಗಿರಾಕಿ ಫೋನ್ ಮಾಡಿ, "ನಿಮ್ಮ ಬತ್ತಿ ಮೊದಲಿನ ಹಾಗಿಲ್ಲ, ಹಚ್ಚಿದರೆ ಬರೀ ಹೊಗೆ, ಅಮ್ಮನಿಗೆ ಕೆಮ್ಮು ಬಂತು" ಎಂದರು. ಪೊಟ್ಟಣ ಕಳುಹಿಸಿ ಎಂದೆ, ಪಾಪ ಕಳುಹಿಸಿದರು. ಅಪ್ಪನ ಕೈಗೆ ಕೊಟ್ಟೆ. ಅವರು ಪೊಟ್ಟಣದ ಕಡೆ ನೋಡಲೇ ಇಲ್ಲ. ಒಂದು ಕಡ್ಡಿ ತೆಗೆದು ಉಗುರಿನಿಂದ ಕೆರೆದರು. ಮೇಲೆ ಕಂದು ಬಣ್ಣ, ಒಳಗೆ ಕರ್ರಗೆ ಇದ್ದಿಲು. "ಇದು ಸೆಂಟಿನಲ್ಲಿ ಅದ್ದಿದ ಇದ್ದಿಲ ಬತ್ತಿ. ನಮ್ಮ ಮನೆಯದಲ್ಲ" ಎಂದು ಮೇಜಿನ ಮೇಲಿಟ್ಟು ಎದ್ದು ಹೋದರು. ಆ ದಿನ ಮಧ್ಯಾಹ್ನ ಊಟ ಮಾಡಲಿಲ್ಲ.

ಪೊಟ್ಟಣ ಮಾತ್ರ ತದ್ರೂಪ ನಮ್ಮದೇ. ಹಿಂಬದಿಯ ವಿಳಾಸದಲ್ಲಿ ನಮ್ಮ ಅಚ್ಚಿನವರು ಒಂದು ಒತ್ತಕ್ಷರ ಬಿಟ್ಟಿದ್ದರು. ಆ ತಪ್ಪು ಕೂಡ ಹಾಗೆಯೇ ಇದೆ. ನಾನೇ ಹುಬ್ಬಳ್ಳಿಗೆ ಹೋಗಿ ಮೂರು ಅಂಗಡಿಗಳಲ್ಲಿ ಒಂಬತ್ತು ಪೊಟ್ಟಣ ಕೊಂಡೆ. ಒಂಬತ್ತರಲ್ಲೂ ಒಂದೇ ಬ್ಯಾಚ್ ಸಂಖ್ಯೆ. ನಮ್ಮ ಪುಸ್ತಕ ತೆಗೆದು ನೋಡಿದರೆ ಆ ಬ್ಯಾಚ್ ಇಡೀ ಚಾಮರಾಜನಗರಕ್ಕೆ ಹೋದದ್ದು.

ಲೇಬಲ್ ಮಾರುವವರು ಇಬ್ಬರು ಬಂದು ಹೋದರು. ಒಬ್ಬರು ಹಾಲೊಗ್ರಾಂ (ಓರೆ ಮಾಡಿದರೆ ಬಣ್ಣ ಬದಲಿಸುವ ಹೊಳಪಿನ ಚೀಟಿ) ಹಾಕಿಸಿ, ಯಾರೂ ನಕಲು ಮಾಡಲಾರರು ಎನ್ನುತ್ತಾರೆ. ಇನ್ನೊಬ್ಬರು ಕ್ಯೂಆರ್ ಕೋಡ್ ಸಾಕು ಎನ್ನುತ್ತಾರೆ. ನಮ್ಮ ಪೊಟ್ಟಣದ ಬೆಲೆ 40 ರೂಪಾಯಿ. ಇದರಲ್ಲಿ ಎಷ್ಟು ಖರ್ಚು ಹಾಕಲಿ, ಯಾವುದಕ್ಕೆ ಹಾಕಲಿ? ತಿಳಿದವರು ದಯವಿಟ್ಟು ಹೇಳಿ.

ಪೀಣ್ಯ ಮುದ್ರಕ
ಸೋಮವಾರ, ಬೆಳಿಗ್ಗೆ 11:15

ಮೇಡಂ, ನಿಮ್ಮ ತಂದೆಯವರು ಪೊಟ್ಟಣ ನೋಡದೆ ಕಡ್ಡಿ ಕೆರೆದರು ಎಂದಿರಲ್ಲ, ಆ ಸಾಲನ್ನು ಎರಡು ಸಲ ಓದಿದೆ. ನಾನು ಹತ್ತೊಂಬತ್ತು ವರ್ಷದಿಂದ ಲೇಬಲ್ ಅಚ್ಚು ಹಾಕುವ ಕೆಲಸದಲ್ಲಿದ್ದೇನೆ. ಹಾಲೊಗ್ರಾಂ ಹೆಚ್ಚು ಹೋದಷ್ಟೂ ನನಗೆ ಲಾಭ. ಆದರೂ ಮುಂಗಡ ಕೊಡುವ ಮೊದಲು ಇದನ್ನು ಓದಿ.

ಹಾಲೊಗ್ರಫಿಯ ತತ್ವವನ್ನು ಡೆನಿಸ್ ಗೇಬರ್ ಕಂಡುಹಿಡಿದದ್ದು 1947ರಲ್ಲಿ. 1971ರಲ್ಲಿ ಅದಕ್ಕಾಗಿಯೇ ಅವರಿಗೆ ನೊಬೆಲ್ ಬಂತು. 1968ರಲ್ಲಿ ಸ್ಟೀಫನ್ ಬೆಂಟನ್ ಎಂಬ ವಿಜ್ಞಾನಿ ಸಾಮಾನ್ಯ ಬಿಳಿ ಬೆಳಕಿನಲ್ಲೇ ಕಾಮನಬಿಲ್ಲಿನ ಬಣ್ಣಗಳಲ್ಲಿ ಕಾಣುವ ಬಗೆಯನ್ನು ರೂಪಿಸಿದ ಮೇಲೆ ಅದು ಪ್ರಯೋಗಾಲಯದಿಂದ ಹೊರಗೆ ಬಂತು. 1983ರಲ್ಲಿ ಮಾಸ್ಟರ್‌ಕಾರ್ಡ್ ತನ್ನ ಕಾರ್ಡಿನ ಮೇಲೆ ಅದನ್ನು ಹಾಕಿತು. ಆ ಕಾಲಕ್ಕೆ ಅದನ್ನು ತಯಾರಿಸಬಲ್ಲವರೇ ವಿರಳ. ಭದ್ರತೆ ಇದ್ದದ್ದು ಆ ವಿರಳತೆಯಲ್ಲಿ.

ಮಾಡುವ ಬಗೆ ಹೀಗಿದೆ. ಬೆಳಕಿಗೆ ಕರಗುವ ಲೇಪ ಹಚ್ಚಿದ ಗಾಜಿನ ಮೇಲೆ ಲೇಸರ್‌ನಿಂದ ಚಿತ್ರ ಬರೆಯುತ್ತೇವೆ. ಕಣ್ಣಿಗೆ ಕಾಣದಷ್ಟು ಸಣ್ಣ ಏರಿಳಿತಗಳು ಮೂಡುತ್ತವೆ. ಅದರ ಮೇಲೆ ತೆಳುವಾಗಿ ಬೆಳ್ಳಿ ಲೇಪಿಸಿ, ರಾಸಾಯನಿಕ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿ, ನಿಕ್ಕಲ್ ತಗಡನ್ನು ಬೆಳೆಸುತ್ತೇವೆ. ಆ ತಗಡೇ ಅಚ್ಚು. ಬಿಸಿ ರೋಲರಿಗೆ ಅದನ್ನು ಸುತ್ತಿ ಪಾಲಿಯೆಸ್ಟರ್ ಹಾಳೆಯ ಮೇಲೆ ಒತ್ತಿದರೆ ಮೀಟರ್‌ಗಟ್ಟಲೆ ಹಾಲೊಗ್ರಾಂ ಹೊರಬೀಳುತ್ತದೆ. ಹೊಳೆಯುವುದು ಅಲ್ಯೂಮಿನಿಯಂ ಲೇಪ. ಇಂದು ಈ ಯಂತ್ರಗಳು ಎಷ್ಟೋ ಕಡೆ ಇವೆ. ನಿಮ್ಮ ಚಿತ್ರವನ್ನು ಅದೇ ಸೂಕ್ಷ್ಮತೆಯಲ್ಲಿ ಮತ್ತೆ ಮಾಡುವುದು ಈಗಲೂ ಕಷ್ಟವೇ, ಒಪ್ಪುತ್ತೇನೆ. ಆದರೆ ನಕಲಿ ಮಾಡುವವನಿಗೆ ಅಷ್ಟು ಸೂಕ್ಷ್ಮತೆ ಬೇಕಿಲ್ಲ. ಅದೇ ಗಾತ್ರದಲ್ಲಿ ಏನೋ ಒಂದು ಹೊಳೆದರೆ ಅವನ ಕೆಲಸ ಮುಗಿಯಿತು.

ನಾನು ನಮ್ಮ ಗ್ರಾಹಕರಿಗೆ ಒಂದು ಪರೀಕ್ಷೆ ಮಾಡಿ ತೋರಿಸುತ್ತೇನೆ. ಹಾಲೊಗ್ರಾಂ ಇರುವ ಡಬ್ಬಿಯನ್ನು ಅವರ ಕೈಯಲ್ಲಿಟ್ಟು, ಹಿಂದಕ್ಕೆ ತೆಗೆದುಕೊಂಡು, "ಅದರಲ್ಲಿ ಏನು ಚಿತ್ರವಿತ್ತು?" ಎಂದು ಕೇಳುತ್ತೇನೆ. "ಹೊಳೆಯುತ್ತಿತ್ತು" ಎನ್ನುತ್ತಾರೆ. ತಮ್ಮದೇ ಡಬ್ಬಿಯನ್ನು ಹೀಗೆ ಹೇಳಿದವರಿದ್ದಾರೆ. ಇದಕ್ಕೆ ವಿರುದ್ಧವಾಗಿ 500 ರೂಪಾಯಿ ನೋಟಿನ ದಾರವನ್ನು ನೋಡಿ. ಓರೆ ಮಾಡಿದರೆ ಹಸಿರು ನೀಲಿಯಾಗುತ್ತದೆ. ಏನು ಮಾಡಬೇಕು, ಏನು ಕಾಣಬೇಕು ಎರಡೂ ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು. ಸಂತೆಯ ಅಜ್ಜಿಗೂ ಹೇಳಿಕೊಡಬಹುದು.

ಆದ್ದರಿಂದ ನಿಮಗೆ ನನ್ನ ಮರುಪ್ರಶ್ನೆ: ನಿಮ್ಮ ಪೊಟ್ಟಣವನ್ನು ಪರೀಕ್ಷಿಸುವವರು ಯಾರು? ಗಿರಾಕಿಯೋ, ಅಂಗಡಿಯವರೋ, ನಿಮ್ಮ ಮಾರಾಟದ ಹುಡುಗನೋ? ಅದು ಗೊತ್ತಾಗದೆ ಲೇಬಲ್ ಆರಿಸಬೇಡಿ. ಇನ್ನೊಂದು ಮಾತು, ‘ಅಸಲಿ’ ಎಂದು ಅಚ್ಚಾದ ಸಿದ್ಧ ಹಾಲೊಗ್ರಾಂ ಚೀಟಿಗಳು ಸುರುಳಿ ಸುರುಳಿಯಾಗಿ ಮಾರಾಟಕ್ಕಿವೆ. ಅದನ್ನಂತೂ ಮುಟ್ಟಲೇಬೇಡಿ. ನೀವು ಕೊಂಡ ಅಂಗಡಿಯಲ್ಲೇ ಅವನೂ ಕೊಳ್ಳುತ್ತಾನೆ.

ಬತ್ತಿಮನೆ, ಮೈಸೂರು

ಸರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಯಾರು ಪರೀಕ್ಷಿಸುತ್ತಾರೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಗಿರಾಕಿ ಎಂದುಕೊಂಡಿದ್ದೆ. ಹಾಗಾದರೆ ಕ್ಯೂಆರ್ ಕೋಡೇ ವಾಸಿಯೇ? ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ.

ಔಷಧದಂಗಡಿ, ಹಾಸನ
ಸೋಮವಾರ, ಮಧ್ಯಾಹ್ನ 2:30

ತಂಗಿ, ಕ್ಯೂಆರ್ ಕೋಡಿನ ವಿಷಯ ನನ್ನ ಬಳಿ ಕೇಳಿ. ದಿನಾ ಅದರ ಜೊತೆಯಲ್ಲೇ ಇದ್ದೇನೆ.

2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಔಷಧ ನಿಯಮಗಳನ್ನು ತಿದ್ದಿ, ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ ಮಾಡಿತು. 2023ರ ಆಗಸ್ಟ್ 1ರಿಂದ ಜಾರಿ. ಮನೆಮನೆಯ ಜ್ವರದ ಮಾತ್ರೆಗಳೂ ಆ ಪಟ್ಟಿಯಲ್ಲಿವೆ. ಸ್ಕ್ಯಾನ್ ಮಾಡಿದರೆ ಔಷಧದ ಹೆಸರು, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ತಯಾರಾದ ಮತ್ತು ಅವಧಿ ಮುಗಿಯುವ ದಿನಾಂಕ, ಪರವಾನಗಿ ಸಂಖ್ಯೆ ಇವೆಲ್ಲ ಕಾಣಬೇಕು. ಒಳ್ಳೆಯ ಹೆಜ್ಜೆ, ನಾನು ಸ್ವಾಗತಿಸಿದವನೇ. ಆದರೆ ಆ ವಿವರಗಳಲ್ಲಿ ಪ್ರತಿ ಪೊಟ್ಟಣಕ್ಕೂ ಬೇರೆ ಬೇರೆ ಕ್ರಮಸಂಖ್ಯೆ ಇರಲೇಬೇಕು ಎಂಬ ಮಾತಿಲ್ಲ. ಒಂದು ಬ್ಯಾಚಿನ ಸಾವಿರಾರು ಡಬ್ಬಿಗಳ ಮೇಲೆ ಒಂದೇ ಕೋಡ್ ಇದ್ದರೆ ಒಂದರ ಫೋಟೋ ತೆಗೆದು ಲಕ್ಷ ಅಚ್ಚು ಹಾಕಬಹುದು. ನಿಮ್ಮ ಒಂಬತ್ತು ಪೊಟ್ಟಣಗಳಿಗೂ ಒಂದೇ ಬ್ಯಾಚ್ ಸಂಖ್ಯೆ ಬಂದ ಹಾಗೆಯೇ.

ಯುರೋಪಿನಲ್ಲಿ 2019ರ ಫೆಬ್ರವರಿ 9ರಿಂದ ಬೇರೆ ಕ್ರಮ ನಡೆದಿದೆ. ವೈದ್ಯರ ಚೀಟಿಯ ಮೇಲೆ ಕೊಡುವ ಔಷಧದ ಒಂದೊಂದು ಡಬ್ಬಿಗೂ ಅದರದ್ದೇ ಸಂಖ್ಯೆ. ಔಷಧದಂಗಡಿಯವನು ಡಬ್ಬಿ ಕೈಗೆ ಕೊಡುವ ಮೊದಲು ಸ್ಕ್ಯಾನ್ ಮಾಡುತ್ತಾನೆ. ದತ್ತಾಂಶ ಕೇಂದ್ರದಲ್ಲಿ ಆ ಸಂಖ್ಯೆ ಮುಗಿದು ಹೋಗುತ್ತದೆ. ಅದೇ ಸಂಖ್ಯೆಯ ಇನ್ನೊಂದು ಡಬ್ಬಿ ಎಲ್ಲಿ ಬಂದರೂ ಎಚ್ಚರಿಕೆ ಮೊಳಗುತ್ತದೆ. ಜೊತೆಗೆ ಡಬ್ಬಿಯ ಬಾಯಿಗೆ, ತೆರೆದರೆ ಹರಿಯುವ ಮುದ್ರೆ ಇರಬೇಕು. ಅಲ್ಲಿ ನೋಡುವ ಜವಾಬ್ದಾರಿ ಕಾನೂನಿನ ಪ್ರಕಾರ ಅಂಗಡಿಯವನ ಮೇಲಿದೆ, ರೋಗಿಯ ಮೇಲಿಲ್ಲ.

ನನ್ನ ಅಂಗಡಿಯಲ್ಲಿ ಕೋಡ್ ಸ್ಕ್ಯಾನ್ ಮಾಡಿ ನೋಡಿದ ಗಿರಾಕಿಗಳನ್ನು ಬೆರಳಲ್ಲಿ ಎಣಿಸಬಹುದು. ನಿವೃತ್ತ ಮೇಷ್ಟರೊಬ್ಬರು ಮಾತ್ರ ಪ್ರತಿ ತಿಂಗಳೂ ಕನ್ನಡಕ ಹಾಕಿಕೊಂಡು ಒಂದೊಂದೇ ಪಟ್ಟಿಯನ್ನು ನೋಡುತ್ತಾರೆ. ಅವರ ಹೆಂಡತಿಗೆ ಹೃದಯದ ಮಾತ್ರೆ ಬೇಕು. ಅವರು ಬಂದ ದಿನ ನಾನು ಬೇರೆ ಕೆಲಸ ಬಿಟ್ಟು ನಿಲ್ಲುತ್ತೇನೆ.

ಕೊನೆಯದಾಗಿ, ಕೋಡ್ ಯಾವ ಜಾಲತಾಣಕ್ಕೆ ಕರೆದೊಯ್ಯುತ್ತದೆ ಎಂಬುದು ಅದನ್ನು ಅಚ್ಚು ಹಾಕಿದವನ ಕೈಯಲ್ಲಿದೆ. ನಕಲಿಯವನು ತನ್ನದೇ ತಾಣ ಮಾಡಿ ‘ಇದು ಅಸಲಿ’ ಎಂದು ಹಸಿರು ಗುರುತು ತೋರಿಸಬಹುದು.

ಸೀರೆಪೆಟ್ಟಿಗೆ, ಬೆಂಗಳೂರು

ನಾನು ಒಂದು ಮೇಳದಲ್ಲಿ ರೇಷ್ಮೆ ಸೀರೆ ಕೊಂಡಿದ್ದೆ. ಅಂಚಿಗೆ ದಾರ ಕಟ್ಟಿ ಚೀಟಿ ತೂಗುಹಾಕಿದ್ದರು. ಹಾಲೊಗ್ರಾಂ ಇತ್ತು, ಸಂಖ್ಯೆ ಇತ್ತು. ಮನೆಗೆ ಬಂದು ನೋಡಿದರೆ ದಾರವನ್ನು ಒಮ್ಮೆ ಕತ್ತರಿಸಿ ಮತ್ತೆ ಗಂಟು ಹಾಕಿದ್ದು ಕಾಣಿಸಿತು. ಅತ್ತೆಯವರು ಸೆರಗಿನ ಕುಚ್ಚಿನಿಂದ ಎರಡು ಎಳೆ ಕಿತ್ತು ದೀಪಕ್ಕೆ ಹಿಡಿದರು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು, ಬೂದಿ ಬೆರಳಲ್ಲಿ ಪುಡಿಯಾಗಬೇಕು. ಇದು ಕರಗಿ ಗಟ್ಟಿ ಮಣಿಯಾಯಿತು. ಚೀಟಿ ಅಸಲಿ, ಸೀರೆ ನಕಲಿ. ಬೇರೊಂದು ಸೀರೆಯಿಂದ ಬಿಚ್ಚಿ ಇದಕ್ಕೆ ಕಟ್ಟಿದ್ದರು.

ಆಮೇಲೆ ನಾನು ಇದರ ಬೆನ್ನು ಹತ್ತಿದೆ. ಸಿಲ್ಕ್ ಮಾರ್ಕ್ ಎಂಬುದು ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ತಂದ ಗುರುತು. ಅದು ಹೇಳುವುದು ‘ಇದು ಶುದ್ಧ ರೇಷ್ಮೆ’ ಎಂದಷ್ಟೇ. ‘ಇದು ಮೈಸೂರು ರೇಷ್ಮೆ’ ಎಂದು ಅದು ಹೇಳುವುದಿಲ್ಲ. ಅದಕ್ಕೆ ಭೌಗೋಳಿಕ ಸೂಚಿಕೆ, ಅಂದರೆ ಇಂಥ ಊರಿನ ಮಾಲು ಎಂಬ ಗುರುತು, ಬೇರೆ ಇದೆ. ಎಷ್ಟೋ ಜನ ಎರಡನ್ನೂ ಒಂದೇ ಎಂದುಕೊಂಡು ಮೋಸ ಹೋಗುತ್ತಾರೆ. ಸುಟ್ಟು ನೋಡುವ ಪರೀಕ್ಷೆಯೂ ಅಷ್ಟೇ. ರೇಷ್ಮೆ ಹೌದೋ ಅಲ್ಲವೋ ಎಂದು ಹೇಳುತ್ತದೆ, ಯಾವ ಮಗ್ಗದ್ದು ಎಂದು ಹೇಳುವುದಿಲ್ಲ.

ನನಗೆ ಬಹಳ ಹಿಡಿಸಿದ್ದು ಮೈಸೂರು ರೇಷ್ಮೆ ಸೀರೆ ನೇಯುವ ಸರ್ಕಾರಿ ನಿಗಮ ಕೆಎಸ್‌ಐಸಿಯವರ ಕ್ರಮ. 1912ರಲ್ಲಿ ಮೈಸೂರು ಮಹಾರಾಜರ ಕಾಲದಲ್ಲಿ ಶುರುವಾದ ಕಾರ್ಖಾನೆ ಅದು. ಹಾಲೊಗ್ರಾಂ ಜೊತೆಗೆ ಸಂಖ್ಯೆಯನ್ನು ಬಟ್ಟೆಯಲ್ಲೇ ಕಸೂತಿ ಮಾಡಿರುತ್ತಾರೆ. ಚೀಟಿ ಕಳಚಬಹುದು, ದಾರದಲ್ಲಿ ಕೂತ ಸಂಖ್ಯೆಯನ್ನು ಸೀರೆಗೆ ಗಾಯವಾಗದೆ ಕಳಚಲಾಗುವುದಿಲ್ಲ. ಮೇಡಂ, ನಿಮ್ಮ ಲೇಬಲ್ ಏನೇ ಇರಲಿ, ಎಲ್ಲಿ ಅಂಟಿಸುತ್ತೀರಿ ಎಂಬುದನ್ನು ಮೊದಲು ಯೋಚಿಸಿ. ಬಾಯಿಗೆ ಅಡ್ಡವಾಗಿ ಅಂಟಿಸಿ, ತೆರೆದರೆ ಹರಿಯಬೇಕು.

ಅಕ್ಕಸಾಲಿಗ, ಶಿರಸಿ

ಸೀರೆಪೆಟ್ಟಿಗೆ ಅಕ್ಕನವರ ಮಾತಿಗೆ ಒಂದು ಸೇರಿಸುತ್ತೇನೆ. ಚಿನ್ನದ ಮೇಲಿನ ಹಾಲ್‌ಮಾರ್ಕ್‌ನಲ್ಲಿ 2021ರ ಜುಲೈನಿಂದ ಮೂರು ಗುರುತುಗಳಿವೆ: ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮುದ್ರೆ, ಶುದ್ಧತೆ, ಮತ್ತು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ. 2023ರ ಏಪ್ರಿಲ್ 1ರ ಮೇಲೆ ಈ ಆರರ ಸಂಖ್ಯೆ ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯಲ್ಲಿ ಮಾರುವಂತಿಲ್ಲ. ಪ್ರತಿ ಒಡವೆಗೂ ಬೇರೆ ಸಂಖ್ಯೆ.

ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಅಂಗಡಿಯವರು ಕೊಟ್ಟದ್ದು, ಎಲ್ಲಿ ಪರೀಕ್ಷೆಯಾಯಿತು, ಶುದ್ಧತೆ ಎಷ್ಟು ಎಂಬುದರ ಜೊತೆಗೆ ಅದು ಯಾವ ಬಗೆಯ ಒಡವೆ ಎಂದೂ ಬರುತ್ತದೆ. ಇದೇ ಮುಖ್ಯ. ಕಳೆದ ವರ್ಷ ಒಬ್ಬ ಹೆಣ್ಣುಮಗಳು ಬೇರೆಲ್ಲೋ ಕೊಂಡ ಸರ ತಂದು ತೂಕ ನೋಡಿ ಎಂದರು. ಭೂತಗನ್ನಡಿ ಹಿಡಿದು ಕೊಂಡಿಯ ಪಕ್ಕದ ಸಂಖ್ಯೆ ಓದಿ ಆ್ಯಪ್‌ಗೆ ಹಾಕಿದೆ. ಶುದ್ಧತೆ 22 ಕ್ಯಾರೆಟ್, ಎಲ್ಲ ಸರಿ. ಒಡವೆ: ಉಂಗುರ. ಕೈಯಲ್ಲಿದ್ದದ್ದು ಸರ. ಯಾವುದೋ ಉಂಗುರದ ಅಸಲಿ ಸಂಖ್ಯೆಯನ್ನು ಇದರ ಮೇಲೆ ಕೆತ್ತಿದ್ದರು. ಆ ತಾಯಿಯ ಮುಖ ನೆನೆದರೆ ಈಗಲೂ ಸಂಕಟವಾಗುತ್ತದೆ.

ನನ್ನ ಮಾತು ಇಷ್ಟೇ. ಬರೀ ‘ಅಸಲಿ’ ಎನ್ನುವ ಸಂಖ್ಯೆಗಿಂತ, ಕೈಯಲ್ಲಿರುವ ವಸ್ತುವಿನ ಬಗ್ಗೆ ಏನಾದರೂ ಹೇಳುವ ಸಂಖ್ಯೆ ಬೇಕು. ನಿಮ್ಮದಕ್ಕಾದರೆ, ‘ಈ ಪೆಟ್ಟಿಗೆ ಯಾವ ಊರಿಗೆ ಹೋಗಬೇಕಿತ್ತು’ ಎಂದು ಹೇಳುವ ಸಂಖ್ಯೆ. ನೀವು ನಕಲಿಯನ್ನು ಹಿಡಿದದ್ದು ಚಾಮರಾಜನಗರದ ಲೆಕ್ಕದಿಂದಲೇ ಅಲ್ಲವೇ?

ಬತ್ತಿಮನೆ, ಮೈಸೂರು

ಹೌದಲ್ಲ ಸರ್! ಆ ಪುಸ್ತಕ ಅಪ್ಪ ಕೈಬರಹದಲ್ಲಿ ಬರೆದಿಟ್ಟದ್ದು. ಅದು ಇಲ್ಲದಿದ್ದರೆ ನನಗೆ ಏನೂ ಗೊತ್ತಾಗುತ್ತಿರಲಿಲ್ಲ.

ಮಂಗಳೂರಿಗೆ ಮರಳಿದವನು
ಮಂಗಳವಾರ, ಬೆಳಿಗ್ಗೆ 7:05

ನಾನು ಆರು ವರ್ಷ ನೈಜೀರಿಯದ ಲಾಗೋಸ್‌ನಲ್ಲಿ ಔಷಧ ವಿತರಣೆಯ ಕೆಲಸದಲ್ಲಿದ್ದೆ. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ನಾಫ್ಡಾಕ್ 2010ರಲ್ಲಿ ಒಂದು ವ್ಯವಸ್ಥೆ ತಂದಿತು. ಡಬ್ಬಿಯ ಮೇಲೆ ಉಜ್ಜಿ ತೆಗೆಯುವ ಪಟ್ಟಿ, ಅದರ ಕೆಳಗೆ ಸಂಖ್ಯೆ. ಕೊಂಡವರು ಉಜ್ಜಿ, ಆ ಸಂಖ್ಯೆಯನ್ನು ಎಸ್‌ಎಂಎಸ್ ಮಾಡಿದರೆ ಅಸಲಿಯೋ ಅಲ್ಲವೋ ಎಂದು ಉತ್ತರ ಬರುತ್ತದೆ. ಖರ್ಚಿಲ್ಲ, ಸಾದಾ ಮೊಬೈಲ್ ಸಾಕು. ಉಜ್ಜದ ಹೊರತು ಸಂಖ್ಯೆ ಕಾಣದು, ಹಾಗಾಗಿ ಅಂಗಡಿಯಲ್ಲಿರುವಾಗ ಫೋಟೋ ತೆಗೆದು ನಕಲು ಮಾಡುವ ದಾರಿ ಮುಚ್ಚಿತು.

ಅಲ್ಲಿ ಜನ ನಿಜವಾಗಿಯೂ ಉಜ್ಜುತ್ತಿದ್ದರು. ಏಕೆಂದರೆ ಡಬ್ಬಿಯಲ್ಲಿದ್ದದ್ದು ಮಲೇರಿಯಾ ಮಾತ್ರೆ. ಮಗು ಜ್ವರದಲ್ಲಿ ಮಲಗಿರುವ ಮನೆಯವರು ಉಜ್ಜದೆ ಇರುತ್ತಾರೆಯೇ? ಅದಕ್ಕೂ ಒಂದು ವರ್ಷ ಮೊದಲು, 2009ರಲ್ಲಿ, ‘ಭಾರತದಲ್ಲಿ ತಯಾರಾದದ್ದು’ ಎಂದು ಅಚ್ಚು ಹಾಕಿದ ನಕಲಿ ಮಲೇರಿಯಾ ಔಷಧ ಅಲ್ಲಿ ರಾಶಿಯಾಗಿ ಸಿಕ್ಕಿಬಿದ್ದಿತ್ತು. ಬಂದದ್ದು ಚೀನಾದಿಂದ. ನಮ್ಮ ದೇಶದ ಹೆಸರೇ ಅಲ್ಲಿ ನಕಲಾದ ಬ್ರ್ಯಾಂಡ್. ಲಾಗೋಸ್‌ನಲ್ಲಿ ಭಾರತದ ಔಷಧ ಮಾರುತ್ತಿದ್ದ ನಾವು ಎಷ್ಟೋ ಕಾಲ ಅದಕ್ಕೆ ಉತ್ತರ ಹೇಳಬೇಕಾಯಿತು.

ಆದರೆ ಅಕ್ಕ, 40 ರೂಪಾಯಿಯ ಊದುಬತ್ತಿಗೆ ಯಾರು ಉಜ್ಜುತ್ತಾರೆ? ಪೂಜೆಗೆ ಹೊತ್ತಾಗಿರುತ್ತದೆ. ಗಿರಾಕಿಯ ಮೇಲೆ ಇದನ್ನು ಬಿಡಬೇಡಿ.

ಸೀರೆಪೆಟ್ಟಿಗೆ, ಬೆಂಗಳೂರು

ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನೋಡುವವರು ಕಡಿಮೆ ಎಂದು ನೋಡುವ ಅವಕಾಶವನ್ನೇ ಕಿತ್ತುಕೊಂಡರೆ, ಹಾಸನದ ಮೇಷ್ಟರಂಥವರು ಏನು ಮಾಡಬೇಕು? ಹುಬ್ಬಳ್ಳಿಯ ಆ ಗಿರಾಕಿ ಫೋನ್ ಮಾಡಿದ್ದರಿಂದಲೇ ಇದೆಲ್ಲ ಬೆಳಕಿಗೆ ಬಂತು. ಪೊಟ್ಟಣದ ಮೇಲೆ ಫೋನ್ ಸಂಖ್ಯೆ ಇದ್ದದ್ದೇ ಅವರಿಗಿದ್ದ ಏಕೈಕ ಸಾಧನ.

ಮಂಗಳೂರಿಗೆ ಮರಳಿದವನು

ಅದು ನಿಜ. ಅವಕಾಶ ಇರಲಿ. ಅದೊಂದನ್ನೇ ನಂಬಿ ಕೂರಬಾರದು ಎಂದೆ.

ರೈತ, ಹಾವೇರಿ

ಬಿತ್ತನೆ ಬೀಜದ ಚೀಲಕ್ಕೆ ಬಣ್ಣದ ಚೀಟಿ ಹೊಲಿದಿರುತ್ತಾರೆ: ತಳಿ ತಜ್ಞರ (ಬ್ರೀಡರ್) ಬೀಜಕ್ಕೆ ಹಳದಿ, ಪ್ರಮಾಣಿತ ಬೀಜಕ್ಕೆ ನೀಲಿ. ನಮ್ಮಲ್ಲಿ "ನೀಲಿ ಚೀಟಿ ಇದೆಯೇನು?" ಎಂದೇ ಕೇಳುವುದು. ಬಣ್ಣ ನಕಲು ಮಾಡುವುದು ಯಾವ ಮಹಾ ಕೆಲಸ? 2023ರಲ್ಲಿ ಕೇಂದ್ರದವರು ಸಾಥಿ ಎಂಬ ಪೋರ್ಟಲ್ ತಂದು ಬೀಜಕ್ಕೂ ಕ್ಯೂಆರ್ ಕೋಡ್ ತರುವ ಕೆಲಸ ಶುರು ಮಾಡಿದ್ದಾರೆ. ಒಳ್ಳೆಯದಾಗಲಿ.

ನಾನು ಹೇಳಬೇಕೆಂದಿರುವುದು ಬೇರೆ. ಎರಡು ವರ್ಷದ ಹಿಂದೆ ಗುಜರಿಯವನೊಬ್ಬ ಬಂದು, ಕೀಟನಾಶಕದ ಖಾಲಿ ಡಬ್ಬಿಗೆ ಮುಚ್ಚಳ ಮತ್ತು ಲೇಬಲ್ ಚೆನ್ನಾಗಿದ್ದರೆ ಹೆಚ್ಚು ದುಡ್ಡು ಕೊಡುತ್ತೇನೆ ಎಂದ. ಬರೀ ಪ್ಲಾಸ್ಟಿಕ್‌ಗೆ ಇಲ್ಲದ ಬೆಲೆ ಲೇಬಲ್‌ಗೆ ಏಕೆ ಎಂದು ಆಗ ಹೊಳೆಯಲಿಲ್ಲ, ಕೊಟ್ಟುಬಿಟ್ಟೆ. ಮರುವರ್ಷ ಮೆಣಸಿನಕಾಯಿಗೆ ಹೊಡೆದ ಔಷಧಿಯಲ್ಲಿ ಒಂದು ಹುಳುವೂ ಸಾಯಲಿಲ್ಲ. ಅದು ನಾನು ಕೊಟ್ಟಂಥದ್ದೇ ಡಬ್ಬಿಯಲ್ಲಿ ಬಂದಿತ್ತೋ ಏನೋ. ಈಗ ಡಬ್ಬಿ ಖಾಲಿಯಾದ ಕೂಡಲೇ ಮೂರು ಸಲ ತೊಳೆದು, ಮೊಳೆಯಿಂದ ತೂತು ಹೊಡೆದು, ಲೇಬಲ್ ಕೆರೆದು ಹಾಕುತ್ತೇನೆ. ಮೇಡಂ, ನಿಮ್ಮ ರಟ್ಟಿನ ಪೆಟ್ಟಿಗೆ ಖಾಲಿಯಾದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ನೋಡಿದ್ದೀರಾ?

ಕಿರಾಣಿ ಅಂಗಡಿ, ಹುಬ್ಬಳ್ಳಿ
ಮಂಗಳವಾರ, ರಾತ್ರಿ 10:20

ಅಂಗಡಿ ಮುಚ್ಚಿ ಬಂದು ಎಲ್ಲವನ್ನೂ ಓದಿದೆ. ನನ್ನ ಊರಿನ ಹೆಸರು ಬಂದದ್ದಕ್ಕೆ ಬೇಸರವಾಯಿತು, ಆದರೆ ಸುಳ್ಳಲ್ಲ. ಅಂಗಡಿಯಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂದು ಹೇಳುತ್ತೇನೆ.

ಬೆಳಿಗ್ಗೆ ಏಳಕ್ಕೆ ಆಟೋದಲ್ಲಿ ಮಾಲು ಬರುತ್ತದೆ. ಹಿಂದೆ ಹಾಲಿನ ಗಾಡಿ ಹಾರ್ನ್ ಹೊಡೆಯುತ್ತಿರುತ್ತದೆ. ನಾನು ಪೆಟ್ಟಿಗೆ ಎಣಿಸುತ್ತೇನೆ, ಬಿಲ್ಲು ನೋಡುತ್ತೇನೆ, ಒದ್ದೆಯಾಗಿದೆಯೇ ಎಂದು ತಳ ಮುಟ್ಟಿ ನೋಡುತ್ತೇನೆ. ಟೇಪ್ ಬಿಚ್ಚಿ ಮತ್ತೆ ಅಂಟಿಸಿದ್ದರೆ ತಿರುಗಿ ಕಳುಹಿಸುತ್ತೇನೆ, ಏಕೆಂದರೆ ಒಳಗೆ ನಾಲ್ಕು ಪೊಟ್ಟಣ ಕಡಿಮೆ ಇರುತ್ತವೆ. ನಾನು ಗಮನವಿಟ್ಟು ನೋಡುವ ಮುದ್ರೆ ಅದೊಂದೇ. ಒಳಗಿನ ಪೊಟ್ಟಣದ ಹಾಲೊಗ್ರಾಂ ನಾನು ಯಾವತ್ತೂ ನೋಡಿಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಗೊತ್ತಿರುವ ಮಾಲನ್ನು ಗೊತ್ತಿಲ್ಲದವನು ಬಿಲ್ಲಿಲ್ಲದೆ ಕಡಿಮೆ ದರಕ್ಕೆ ತಂದಾಗ ನಾನು ಒಮ್ಮೆ ತೆಗೆದುಕೊಂಡಿದ್ದೇನೆ. ಬತ್ತಿಯಲ್ಲ, ಸಾಬೂನು. ತೆಗೆದುಕೊಂಡಾಗಲೇ ಮನಸ್ಸಿನಲ್ಲಿ ಅನುಮಾನ ಇತ್ತು. ಮೈಸೂರು ಸ್ಯಾಂಡಲ್‌ನಂಥ ಸರ್ಕಾರಿ ಸಾಬೂನನ್ನೇ ಹೈದರಾಬಾದಿನಲ್ಲಿ ನಕಲು ಮಾಡುತ್ತಿದ್ದ ಜಾಲ 2024ರ ಜನವರಿಯಲ್ಲಿ ಸಿಕ್ಕಿಬಿತ್ತು, ಸುಮಾರು 2 ಕೋಟಿ ರೂಪಾಯಿಯ ಮಾಲು ಎಂದು ಪತ್ರಿಕೆಗಳಲ್ಲಿ ಬಂದಿತ್ತು. ಅದನ್ನು ಓದಿದ ದಿನ ನನ್ನ ಕಪಾಟಿನ ಮುಂದೆ ನಿಂತು, ಇವುಗಳಲ್ಲಿ ಯಾವುದಕ್ಕೆ ನಾನು ಎದೆ ತಟ್ಟಿ ಹೇಳಬಲ್ಲೆ ಎಂದು ಯೋಚಿಸಿದೆ.

ಅಕ್ಕಾ, ನನಗೆ ಬೇಕಾದದ್ದು ಇಷ್ಟು. ಪೆಟ್ಟಿಗೆಯ ಮೇಲೆ ನಾನು ಎರಡು ಸೆಕೆಂಡಿನಲ್ಲಿ ನೋಡಬಹುದಾದ ಒಂದು ಗುರುತು. ಅನುಮಾನ ಬಂದರೆ ಕರೆ ಮಾಡಲು ಒಂದು ಸಂಖ್ಯೆ, ಅದನ್ನು ಎತ್ತುವ ಒಬ್ಬ ಮನುಷ್ಯ. ಮತ್ತು ನಿಮ್ಮ ವಿತರಕರು ಯಾರು ಎಂದು ನನಗೆ ತಿಳಿಸಿ. ನನಗೆ ಇಂದಿಗೂ ಗೊತ್ತಿಲ್ಲ.

ಪೀಣ್ಯ ಮುದ್ರಕ
ಬುಧವಾರ, ಬೆಳಿಗ್ಗೆ 8:50

ಹುಬ್ಬಳ್ಳಿಯ ಅಣ್ಣನವರೇ, ನೀವು ನನ್ನ ಪ್ರಶ್ನೆಗೆ ಉತ್ತರ ಕೊಟ್ಟಿರಿ. ಇನ್ನು ಲೇಬಲ್ ಆರಿಸುವುದು ಸುಲಭ.

ಮೇಡಂ, ಪೆಟ್ಟಿಗೆಗೆ ಕಿತ್ತರೆ ಗುರುತು ಬಿಡುವ ಟೇಪ್ ಹಾಕಿ. ಅದರ ಪಟ್ಟಿಗೂ ಅಂಟಿಗೂ ನಡುವೆ ಅಕ್ಷರಗಳ ಆಕಾರದಲ್ಲಿ ಒಂದು ಲೇಪವಿರುತ್ತದೆ; ಎಳೆದಾಗ ಅಂಟು ಆ ಆಕಾರದಲ್ಲಿ ಪೆಟ್ಟಿಗೆಯ ಮೇಲೇ ಉಳಿದುಬಿಡುತ್ತದೆ, ಮತ್ತೆ ಅಂಟಿಸಿದರೂ ಅಕ್ಷರ ಮರೆಯಾಗುವುದಿಲ್ಲ. ರಟ್ಟಿಗೆ ಹಿಡಿಯುವ ಬಗೆಯದನ್ನೇ ಕೇಳಿ ಪಡೆಯಿರಿ. ನುಣುಪಾದ ಪ್ಲಾಸ್ಟಿಕ್ಕಿಗೆ ಮಾಡಿದ್ದು ಒರಟು ರಟ್ಟಿನ ಮೇಲೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಮಾದರಿ ತರಿಸಿ, ನೀವೇ ಬಿಸಿಗಾಳಿ ಹಿಡಿದು ಕಿತ್ತು ನೋಡಿ. ಕೆಲವು ಅಂಟು ಬಿಸಿಗೆ ಮೆತ್ತಗಾಗಿ ಗುರುತಿಲ್ಲದೆ ಬಿಡುತ್ತವೆ. ಮಳೆಗಾಲದ ತೇವದಲ್ಲೂ ಒಂದು ವಾರ ಇಟ್ಟು ನೋಡಿ.

ಪೊಟ್ಟಣದ ಬಾಯಿಗೆ ಸಣ್ಣ ಕಾಗದದ ಮುದ್ರೆ, ಮಧ್ಯೆ ಸೀಳುಗಳಿರುವಂಥದ್ದು. ಎಳೆದರೆ ಚೂರಾಗುತ್ತದೆ, ಇಡಿಯಾಗಿ ಬರುವುದಿಲ್ಲ. ಹಾವೇರಿಯವರು ಕೇಳಿದ ಪ್ರಶ್ನೆಗೂ ಇದೇ ಉತ್ತರ: ಖಾಲಿ ಪೊಟ್ಟಣ ಮತ್ತೆ ಬಳಕೆಗೆ ಬಾರದು.

ಮೂರನೆಯದು ಕಣ್ಣಿಗೆ ಕಾಣದ್ದು. ನೇರಳಾತೀತ ದೀಪಕ್ಕೆ ಮಾತ್ರ ಮಿನುಗುವ ಶಾಯಿ ಒಂದು ದಾರಿ. ಗೆರೆಯಂತೆ ಕಂಡು ಭೂತಗನ್ನಡಿಯಲ್ಲಿ ಅಕ್ಷರವಾಗುವ ಸೂಕ್ಷ್ಮ ಬರಹ ಇನ್ನೊಂದು. ಇತ್ತೀಚೆಗೆ ಮರಳು ಚೆಲ್ಲಿದ ಹಾಗೆ ಕಾಣುವ ಚುಕ್ಕಿಗಳ ಚೌಕವೂ ಬಂದಿದೆ. ಅದನ್ನು ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದರೆ ಚುಕ್ಕಿಗಳ ಅಂಚು ಕದಡುತ್ತದೆ, ಮೊಬೈಲ್ ತಂತ್ರಾಂಶ ಆ ಕದಡಿಕೆಯನ್ನು ಹಿಡಿಯುತ್ತದೆ. ಮೊಬೈಲ್ ತಾಗಿಸಿದಾಗಲೆಲ್ಲ ಹೊಸ ಸಂಕೇತ ಕೊಡುವ ಎನ್‌ಎಫ್‌ಸಿ ಚಿಪ್ ಕೂಡ ಇದೆ, ಅದು ದುಬಾರಿ ಮಾಲಿಗೆ ಸರಿ, ಊದುಬತ್ತಿಗೆ ಬೇಡ. ಕಾಣದ ಗುರುತು ನಿಮಗಾಗಿ, ನಾಳೆ ಪೊಲೀಸರ ಮುಂದೆ ಇದು ನಮ್ಮದಲ್ಲ ಎಂದು ತೋರಿಸುವುದಕ್ಕಾಗಿ. ನಿಮ್ಮ ತಂದೆ ಉಗುರಿನಿಂದ ಕೆರೆದು ತಿಳಿದದ್ದನ್ನು ಕಾಗದದ ಮೇಲೆ ತೋರಿಸುವ ದಾರಿ ಅದು. ಯಾವುದನ್ನು ಆರಿಸಿದಿರಿ ಎಂದು ದಯವಿಟ್ಟು ಇಲ್ಲಿ ಬರೆಯಬೇಡಿ. ಅಚ್ಚಿನವರಿಗೂ ಪೂರ್ತಿ ತಿಳಿಯದ ಹಾಗೆ ಎರಡು ಕಡೆ ಹಂಚಿ ಮಾಡಿಸಿ. ವಿಳಾಸದ ಒತ್ತಕ್ಷರವೂ ಸೇರಿ ನಕಲಾಗಿದೆ ಎಂದರೆ, ನಿಮ್ಮ ಅಚ್ಚಿನ ಮೂಲ ಕಡತವೇ ಹೊರಗೆ ಹೋಗಿರಬಹುದು.

ವಕೀಲೆ, ಧಾರವಾಡ

ಕಾನೂನಿನ ಕಡೆಯಿಂದ ಎರಡು ಮಾತು. ನಿಮ್ಮ ಹೆಸರು, ಚಿಹ್ನೆ ನೋಂದಣಿಯಾಗಿವೆಯೇ? ಆ ನೋಂದಣಿಯಲ್ಲಿ ಊದುಬತ್ತಿ 3ನೇ ವರ್ಗದಲ್ಲಿ ಬರುತ್ತದೆ. ಮೈಸೂರು ಅಗರಬತ್ತಿಗೆ ಭೌಗೋಳಿಕ ಸೂಚಿಕೆ ಇದೆಯಾದರೂ ಅದು ನಿಮ್ಮ ಬ್ರ್ಯಾಂಡಿನ ಹೆಸರನ್ನು ಕಾಯುವುದಿಲ್ಲ.

1999ರ ವ್ಯಾಪಾರ ಚಿಹ್ನೆಗಳ ಕಾಯ್ದೆಯ 103 ಮತ್ತು 104ನೇ ಕಲಮುಗಳ ಪ್ರಕಾರ ಸುಳ್ಳು ಚಿಹ್ನೆ ಹಾಕಿದವರಿಗೂ, ಅಂಥ ಮಾಲು ಮಾರಿದವರಿಗೂ ಆರು ತಿಂಗಳಿಂದ ಮೂರು ವರ್ಷ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡವಿದೆ. ಪೊಲೀಸರು ವಾರಂಟ್ ಇಲ್ಲದೆ ಶೋಧಿಸಬಹುದು, ಆದರೆ ಅಧಿಕಾರಿ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಾಗಿರಬಾರದು; ಮೊದಲು ವ್ಯಾಪಾರ ಚಿಹ್ನೆಗಳ ನೋಂದಣಾಧಿಕಾರಿಯ ಅಭಿಪ್ರಾಯ ಪಡೆಯಬೇಕು. ಇಲ್ಲಿಯೇ ಬಹಳ ದೂರುಗಳು ನಿಧಾನವಾಗುವುದು. ಆದ್ದರಿಂದ ಕಾಗದಪತ್ರ ಮೊದಲೇ ಸಿದ್ಧವಿರಲಿ. ಕೊಂಡ ಒಂಬತ್ತು ಪೊಟ್ಟಣಗಳಲ್ಲಿ ತೆರೆಯದೆ ಉಳಿದವನ್ನು ಹಾಗೆಯೇ ಬಿಲ್ಲಿನ ಜೊತೆ ಕವರಿನಲ್ಲಿಟ್ಟು, ಕೊಂಡ ದಿನ, ಅಂಗಡಿ, ಯಾರೆದುರು ಕೊಂಡಿರಿ ಎಂದು ಬರೆದಿಡಿ. ತಂದೆಯವರ ಆ ಪುಸ್ತಕವನ್ನೂ ಜೋಪಾನ ಮಾಡಿ. ನ್ಯಾಯಾಲಯದಲ್ಲಿ ಚಾಮರಾಜನಗರದ ಆ ಸಾಲು ಬಹಳ ಕೆಲಸಕ್ಕೆ ಬರುತ್ತದೆ.

ಬತ್ತಿಮನೆ, ಮೈಸೂರು
ಶನಿವಾರ, ಸಂಜೆ 6:10

ನಾಲ್ಕು ದಿನ ಏನೂ ಬರೆಯಲಾಗಲಿಲ್ಲ, ಕ್ಷಮಿಸಿ. ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಹುಬ್ಬಳ್ಳಿಯ ಅಂಗಡಿಯವರ ಮಾತನ್ನು ಎರಡನೆಯ ಸಲ ಓದಿಸಿದರು.

ಹಾಲೊಗ್ರಾಂ ಬಿಟ್ಟಿದ್ದೇವೆ. ಪೆಟ್ಟಿಗೆಗೆ ಟೇಪ್ ಮಾದರಿಗಳು ಬಂದಿವೆ. ಮೂರರಲ್ಲಿ ಎರಡು, ಬಿಸಿಗಾಳಿ ಹಿಡಿದಾಗ ಸದ್ದಿಲ್ಲದೆ ಬಿಟ್ಟುಕೊಂಡವು. ಮೂರನೆಯದನ್ನು ಸ್ನಾನದ ಮನೆಯಲ್ಲಿ ನೇತುಹಾಕಿದ್ದೇನೆ, ಒಂದು ವಾರ ನೋಡುತ್ತೇನೆ. ಪ್ರತಿ ಪೆಟ್ಟಿಗೆಗೂ ಬೇರೆ ಸಂಖ್ಯೆ, ಯಾವ ಊರಿಗೆ ಎಂದು ಅದರಲ್ಲೇ ಗೊತ್ತಾಗುವ ಹಾಗೆ. ಅಪ್ಪನ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೇನೆ, ಆದರೆ ಅವರು ಕೈಯಲ್ಲಿ ಬರೆಯುವುದನ್ನು ನಿಲ್ಲಿಸುವುದಿಲ್ಲವಂತೆ. ಪೊಟ್ಟಣದ ಬಾಯಿಗೆ ಸೀಳಿರುವ ಕಾಗದದ ಮುದ್ರೆ. ಅದನ್ನು ಅಂಟಿಸುವ ಕೆಲಸಕ್ಕೆ ಇನ್ನೊಬ್ಬರು ಬೇಕಾಗುತ್ತಾರೆ, ನಮ್ಮಲ್ಲೇ ಕೆಲಸ ಮಾಡುವ ಒಬ್ಬರ ಮಗಳು ಬರುತ್ತಾಳೆ. ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಫೋನ್ ಸಂಖ್ಯೆ, "ಕಡ್ಡಿಯನ್ನು ಉಗುರಿನಿಂದ ಕೆರೆಯಿರಿ, ಒಳಗೆ ಕಪ್ಪಾಗಿದ್ದರೆ ನಮಗೆ ಕರೆ ಮಾಡಿ" ಎಂಬ ಸಾಲು. ಸೀರೆಪೆಟ್ಟಿಗೆ ಮೇಡಂ, ಇದು ನಿಮ್ಮ ಮಾತಿನಿಂದ ಬಂದದ್ದು. ವಿತರಕರ ಹೆಸರುಗಳ ಪಟ್ಟಿ ಅಂಗಡಿಗಳಿಗೆ ಅಂಚೆಯಲ್ಲಿ ಹೋಗುತ್ತದೆ. ಅಚ್ಚಿನವರನ್ನು ಬದಲಾಯಿಸಿದ್ದೇವೆ.

ಕಾಣದ ಗುರುತು ಯಾವುದೆಂದು ಅಪ್ಪನೇ ತೀರ್ಮಾನ ಮಾಡಿದರು. ನಮ್ಮಿಬ್ಬರಿಗೆ ಮಾತ್ರ ಗೊತ್ತು.

ಕಿರಾಣಿ ಅಂಗಡಿ, ಹುಬ್ಬಳ್ಳಿ

ಅಕ್ಕಾ, ಹೊಸ ಟೇಪ್ ಹಾಕಿದ ಮೊದಲ ಪೆಟ್ಟಿಗೆಯನ್ನು ನನಗೇ ಕಳುಹಿಸಿ. ಬೆಳಿಗ್ಗೆ ಏಳರ ಗದ್ದಲದಲ್ಲಿ ಗುರುತು ಕಣ್ಣಿಗೆ ಬೀಳುತ್ತದೆಯೋ ಇಲ್ಲವೋ ನೋಡಿ ಅಂದೇ ಹೇಳುತ್ತೇನೆ. ಆ ಮೂರು ಅಂಗಡಿಗಳಲ್ಲಿ ಒಂದರ ಮಾಲೀಕರು ನನಗೆ ಗೊತ್ತು. ಪೆಟ್ಟಿಗೆ ಬಂದ ದಿನ ಅವರನ್ನೂ ಕರೆದು, ಎರಡು ಕಡ್ಡಿಗಳನ್ನೂ ಅವರೆದುರೇ ಹಚ್ಚುತ್ತೇನೆ.